ಕದಲದ ಕಾರು ಮತ್ತು ಬಾಡಿಗೆದಾರನ ಹಕ್ಕು

‘ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಪಯೋಗಿಸದೆ ನಿಲ್ಲಿಸಿದ ವಾಹನಗಳನ್ನು ಆವರಣದಿಂದ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ವಾಹನ ಮಾಲಕರ ಖರ್ಚಿನಲ್ಲೇ ತೆರವುಗೊಳಿಸಲಾಗುವುದು.’ ನಮ್ಮ ಪಟ್ಟಣಗಳ ವಸತಿ ಸಮುಚ್ಚಯಗಳಲ್ಲಿ, ಲಿಫ್ಟಿನ ಪಕ್ಕದ ಗೋಡೆಯಲ್ಲೋ ವಾಚ್‌ಮನ್‌ನ ಕೊಠಡಿಯ ಬಾಗಿಲಲ್ಲೋ ಇಂಥದ್ದೊಂದು ಸೂಚನೆ ಕಾಣಸಿಗುವುದಿದೆ. ಕೆಲವು ಕಡೆ ಬಾಡಿಗೆ ಕರಾರು ಪತ್ರದಲ್ಲೇ ಈ ಅರ್ಥದ ಸಾಲೊಂದು ಸೇರಿಕೊಂಡಿರುತ್ತದೆ. ಮನೆ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಸಹಿ ಹಾಕುವ ಕುಟುಂಬಕ್ಕೆ ಆ ಸಾಲನ್ನು ಓದುವ ವ್ಯವಧಾನ ಎಲ್ಲಿರುತ್ತದೆ?

ಈ ನಿಯಮದಲ್ಲಿ ತಪ್ಪೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡೋಣ. ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಹನ್ನೆರಡು ಕಾರುಗಳಿಗೆ ಸ್ಥಳವಿದ್ದರೆ, ಅದರಲ್ಲಿ ಎರಡನ್ನು ಚಕ್ರದ ಗಾಳಿ ಇಳಿದ, ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತ ವಾಹನಗಳು ಆಕ್ರಮಿಸಿಕೊಂಡಿದ್ದರೆ ಉಳಿದವರಿಗೆ ಸಿಟ್ಟು ಬರುವುದು ಸಹಜ. ಮಳೆಗಾಲದಲ್ಲಿ ಅಂಥ ವಾಹನದ ಅಡಿಯಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಹುಟ್ಟುತ್ತದೆ. ಬಾನೆಟ್‌ನೊಳಗೆ ಇಲಿ ಸಂಸಾರ ಹೂಡುತ್ತದೆ. ಕಟ್ಟಡದ ಮಾಲಕ ಇದನ್ನೆಲ್ಲ ನೋಡಿಯೂ ಸುಮ್ಮನಿರಬೇಕೆಂದು ಯಾರೂ ಹೇಳಲಾರರು. ಆದರೆ ಒಂದು ನಿಯಮ ನ್ಯಾಯವಾದುದು ಎಂದ ಮಾತ್ರಕ್ಕೆ ಅದರ ಪ್ರತಿಯೊಂದು ಅನ್ವಯವೂ ನ್ಯಾಯವಾಗಿರಬೇಕೆಂದಿಲ್ಲ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ನೆಲ ಅಂತಸ್ತಿನಲ್ಲಿ ಬಾಡಿಗೆಗಿರುವ ವ್ಯಕ್ತಿಯೊಬ್ಬ ಅಪಘಾತದಲ್ಲಿ ಬೆನ್ನುಹುರಿಗೆ ಏಟು ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳಕೊಂಡಿದ್ದಾನೆ. ಬ್ರೇಕ್ ಮತ್ತು ಆಕ್ಸಿಲರೇಟರನ್ನು ಕೈಯಿಂದಲೇ ನಿಯಂತ್ರಿಸುವಂತೆ ಮಾರ್ಪಡಿಸಿದ ಹಳೆಯ ಕಾರು ಅವನಲ್ಲಿದೆ. ಅದರಲ್ಲೇ ಅಂಗಡಿಗೆ ಹೋಗುತ್ತಾನೆ, ಮಕ್ಕಳನ್ನು ಶಾಲೆಗೆ ಬಿಡುತ್ತಾನೆ. ಒಂದು ದಿನ, ಕೂತಲ್ಲೇ ಕೂತವರನ್ನು ಕಾಡುವ ಬೆಡ್‌ಸೋರ್ ಅವನನ್ನೂ ಹಿಡಿಯುತ್ತದೆ. ಆ ಹುಣ್ಣು ವಾಸಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಬಾರದು, ಅಂದರೆ ಕೂರಬಾರದು. ಮೂರು ನಾಲ್ಕು ತಿಂಗಳು ಮಗ್ಗುಲಾಗಿ, ಬೋರಲಾಗಿ ಮಲಗಿಯೇ ಇರಬೇಕಾಗುತ್ತದೆ. ಅಷ್ಟೂ ದಿನ ಕಾರು ನಿಂತಲ್ಲಿಂದ ಕದಲುವುದಿಲ್ಲ. ಬ್ಯಾಟರಿ ಇಳಿಯುತ್ತದೆ. ಟಯರು ಚಪ್ಪಟೆಯಾಗುತ್ತದೆ. ಎರಡನೆಯ ತಿಂಗಳಿಗೆ ನೋಟೀಸು ಬರುತ್ತದೆ: ‘ಉಪಯೋಗಿಸದ ನಿಮ್ಮ ವಾಹನವನ್ನು ಏಳು ದಿನಗಳೊಳಗೆ ತೆಗೆಯಿರಿ.’

ಈ ಕಾರು ಉಪಯೋಗಿಸದ ಕಾರೇ?

ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಉತ್ತರ ಅಷ್ಟು ಸರಳವಲ್ಲ. ಕಾಲಿನಲ್ಲಿ ಬಲವಿರುವ ನಮಗೆ ಕಾರು ಒಂದು ಅನುಕೂಲ. ಕೆಟ್ಟು ನಿಂತರೆ ಬಸ್ಸಿದೆ, ಆಟೋ ಇದೆ, ಯಾರದ್ದಾದರೂ ಬೈಕಿನ ಹಿಂಬದಿ ಸೀಟಿದೆ. ಗಾಲಿಕುರ್ಚಿಯಲ್ಲಿರುವವನ ಪಾಡು ಹಾಗಲ್ಲ. ನಮ್ಮ ಖಾಸಗಿ ಬಸ್ಸುಗಳ ಮೆಟ್ಟಿಲು ಅವನ ಪಾಲಿಗೆ ಗೋಡೆ. ಆಟೋದೊಳಗೆ ಗಾಲಿಕುರ್ಚಿ ಹಿಡಿಯುವುದಿಲ್ಲ. ಇಬ್ಬರು ಎತ್ತಿ ಕೂರಿಸಬೇಕು, ಕುರ್ಚಿಯನ್ನು ಮಡಚಿ ಹಿಂದೆ ತುರುಕಬೇಕು. ಬೆನ್ನಿನ ಮೇಲೆ ಹಿಡಿತವಿಲ್ಲದವನು ತಿರುವಿನಲ್ಲಿ ಜಾರಿ ಬೀಳದಂತೆ ಇನ್ನೊಬ್ಬರು ಹಿಡಿದು ಕೂರಬೇಕು. ರಾತ್ರಿ ಎರಡು ಗಂಟೆಗೆ ಜ್ವರ ಏರಿದರೆ ಆ ಇಬ್ಬರನ್ನು ಎಲ್ಲಿಂದ ತರುವುದು? ಹಾಗಾಗಿ ಇಪ್ಪತ್ತೊಂಬತ್ತು ದಿನ ನಿಂತು ಮೂವತ್ತನೆಯ ದಿನ ಅವನ ಹೆಂಡತಿಯೋ ತಮ್ಮನೋ ಚಲಾಯಿಸಿ ಆಸ್ಪತ್ರೆಗೆ ಮುಟ್ಟಿಸುವ ಕಾರು, ಆ ಇಪ್ಪತ್ತೊಂಬತ್ತು ದಿನಗಳಲ್ಲೂ ಉಪಯೋಗದಲ್ಲೇ ಇದೆ. ಅಗ್ನಿಶಾಮಕ ವಾಹನ ತಿಂಗಳಿಡೀ ಠಾಣೆಯಲ್ಲಿ ನಿಂತಿತ್ತೆಂದು ಅದನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ?

ಇಷ್ಟಕ್ಕೂ ನಿಂತ ಕಾರುಗಳ ಬಗ್ಗೆ ನಮ್ಮ ಸಿಟ್ಟು ಎಲ್ಲರ ಮೇಲೂ ಒಂದೇ ತೆರನಾಗಿದೆಯೇ? ಕರಾವಳಿಯ ಯಾವುದೇ ಪಟ್ಟಣದ ಫ್ಲ್ಯಾಟುಗಳ ನೆಲಮಾಳಿಗೆಗೆ ಒಮ್ಮೆ ಇಳಿದು ನೋಡಿ. ಬೂದು ಬಣ್ಣದ ಹೊದಿಕೆ ಹೊದ್ದ ಒಂದೆರಡು ಕಾರುಗಳು ಖಂಡಿತ ಕಾಣುತ್ತವೆ. ಗಲ್ಫ್‌ನಲ್ಲಿ ದುಡಿಯುವ ಮಾಲಕನದ್ದೋ ಅವನ ಅಳಿಯನದ್ದೋ ಆಗಿರುವ ಆ ಕಾರು ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ನಿದ್ರಿಸುತ್ತದೆ. ರಜೆಯ ಒಂದು ತಿಂಗಳು ಮಾತ್ರ ಎದ್ದು ಓಡಾಡುತ್ತದೆ. ಅದಕ್ಕೆ ಯಾರೂ ನೋಟೀಸು ಅಂಟಿಸುವುದಿಲ್ಲ. ವಾಚ್‌ಮನ್ ವಾರಕ್ಕೊಮ್ಮೆ ಅದನ್ನು ಒರೆಸುತ್ತಾನೆ. ‘ಅವರು ಬಂದಾಗ ಬೇಕಾಗುತ್ತದಲ್ಲ’ ಎನ್ನುತ್ತೇವೆ. ನಿಜ, ಬೇಕಾಗುತ್ತದೆ. ಸಮುದ್ರದಾಚೆ ಇರುವವನಿಗೆ ಬೇಕಾಗುತ್ತದೆಂದು ಅರ್ಥ ಮಾಡಿಕೊಳ್ಳಬಲ್ಲ ನಮಗೆ, ಗೋಡೆಯಾಚೆ ಮಲಗಿರುವವನಿಗೂ ಬೇಕಾಗುತ್ತದೆ ಎಂಬುದು ಏಕೆ ಅರ್ಥವಾಗುವುದಿಲ್ಲ? ಮಾಲಕನಿಗೆ ಸಿಗುವ ವಿನಾಯಿತಿ ಬಾಡಿಗೆದಾರನಿಗೆ ಸಿಗುವುದಿಲ್ಲ ಎಂಬುದಷ್ಟೇ ಇಲ್ಲಿನ ಸಂಗತಿ. ನಿಯಮದ ಸಮಾನತೆಯ ಮಾತು ಆ ಬಳಿಕ ಬರುತ್ತದೆ.

ಈ ವಿಷಯದಲ್ಲಿ ದೇಶದ ಕಾನೂನು ನಾವಂದುಕೊಂಡಿರುವುದಕ್ಕಿಂತ ಮುಂದಿದೆ. 2016ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ, 2017ರ ಎಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆಯು 1995ರ ಹಳೆಯ ಕಾಯ್ದೆಯ ಸ್ಥಾನಕ್ಕೆ ಬಂತು. ಹಳೆಯದರಲ್ಲಿ ಏಳು ಬಗೆಯ ವೈಕಲ್ಯಗಳಿದ್ದರೆ ಹೊಸದರಲ್ಲಿ ಇಪ್ಪತ್ತೊಂದಿವೆ. ಸಂಖ್ಯೆಗಿಂತ ಮುಖ್ಯವಾದುದು ಅದು ತಂದ ಒಂದು ಪರಿಕಲ್ಪನೆ. ಇಂಗ್ಲಿಷಿನಲ್ಲಿ ರೀಸನೆಬಲ್ ಅಕಾಮಡೇಶನ್ ಎನ್ನುವ ಅದನ್ನು ನಾವು ‘ಯುಕ್ತ ಹೊಂದಾಣಿಕೆ’ ಎನ್ನಬಹುದು. ವಿಕಲಚೇತನ ವ್ಯಕ್ತಿಯೊಬ್ಬ ಇತರರಿಗೆ ಸಮನಾಗಿ ತನ್ನ ಹಕ್ಕುಗಳನ್ನು ಅನುಭವಿಸಲು ಅಗತ್ಯವಾದ ಸೂಕ್ತ ಬದಲಾವಣೆಯನ್ನು, ಎದುರಿನವರ ಮೇಲೆ ಅತಿಯಾದ ಹೊರೆ ಹೊರಿಸದೆ ಮಾಡಿಕೊಡುವುದು ಎಂಬುದು ಅದರ ತಿರುಳು. ಅಷ್ಟೇ ಅಲ್ಲ, ಅಂಥ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆಯಲಾಗಿದೆ. ಅಂದರೆ ‘ನಾನು ಯಾರನ್ನೂ ಅವಮಾನಿಸಿಲ್ಲ, ಎಲ್ಲರಿಗೂ ಒಂದೇ ನಿಯಮ ಹಾಕಿದ್ದೇನೆ’ ಎಂಬ ಸಮರ್ಥನೆ ಸಾಲದು. ಬರೆಯುವಾಗ ಕೈ ಸೆಳೆಯುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಲೋಕಸೇವಾ ಆಯೋಗದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 2021ರ ಫೆಬ್ರವರಿಯಲ್ಲಿ ಈ ತತ್ವವನ್ನು ವಿಸ್ತಾರವಾಗಿ ಎತ್ತಿ ಹಿಡಿಯಿತು. ಪರೀಕ್ಷಾ ಕೊಠಡಿಯ ಪ್ರಕರಣ ಅದು. ಆದರೆ ಅದರ ತರ್ಕ ಪರೀಕ್ಷಾ ಕೊಠಡಿಗೆ ಸೀಮಿತವಾದುದಲ್ಲ.

ಹಾಗಿದ್ದರೆ ನೋಟೀಸು ಬಂದ ಬಾಡಿಗೆದಾರ ಈ ಕಾನೂನನ್ನು ಏಕೆ ಎತ್ತುವುದಿಲ್ಲ? ಕಾರಣ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ನಮ್ಮಲ್ಲಿ ಬಾಡಿಗೆ ಕರಾರೆಂದರೆ ಹನ್ನೊಂದು ತಿಂಗಳು ಎಂಬುದೇ ರೂಢಿಯಾಗಿದೆ. ಅವಧಿ ಮುಗಿದಾಗ ಮಾಲಕ ಕಾರಣ ಹೇಳಬೇಕಾಗಿಲ್ಲ, ನವೀಕರಿಸದಿದ್ದರೆ ಸಾಕು. ಕರಾರು ಮುಗಿದ ಮೇಲೂ ತಿಂಗಳ ಬಾಡಿಗೆ ಕೊಟ್ಟು ಮುಂದುವರಿದವನನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಹದಿನೈದು ದಿನಗಳ ನೋಟೀಸಿನಲ್ಲಿ ಬಿಡಿಸಬಹುದು. ಬಾಡಿಗೆದಾರರಿಗೆ ರಕ್ಷಣೆ ಕೊಡುವ 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರದ ಮನೆಗಳಿಗೆಂದು ರೂಪಿಸಲಾಯಿತು. ಈ ಬಾಡಿಗೆಗೆ ಇಂದು ಯಾವ ಪಟ್ಟಣದಲ್ಲಿ ಎರಡು ಕೋಣೆಯ ಮನೆ ಸಿಗುತ್ತದೆ? ರ‍್ಯಾಂಪ್ ಇರುವ, ಬಚ್ಚಲಿನ ಬಾಗಿಲು ಅಗಲವಿರುವ ನೆಲ ಅಂತಸ್ತಿನ ಮನೆ ಸಿಗುವುದೇ ಅಪರೂಪವಾಗಿರುವಾಗ, ಕಾರಿನ ಸ್ಥಳಕ್ಕಾಗಿ ವಾದಿಸಿ ಮನೆಯನ್ನೇ ಕಳಕೊಳ್ಳಲು ಯಾವ ವಿಕಲಚೇತನನೂ ಸಿದ್ಧನಿರಲಾರ. ಅವನು ಕಾರನ್ನು ಸಿಕ್ಕ ಬೆಲೆಗೆ ಮಾರಿಬಿಡುತ್ತಾನೆ. ಹುಣ್ಣು ವಾಸಿಯಾದ ಮೇಲೆ ಮನೆಯೊಳಗೇ ಉಳಿಯುತ್ತಾನೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಹದಿಮೂರು ಲಕ್ಷಕ್ಕೂ ಮಿಕ್ಕಿ ವಿಕಲಚೇತನರಿದ್ದಾರೆ. ನಮ್ಮ ರಸ್ತೆಗಳಲ್ಲಿ, ಮಸೀದಿಗಳಲ್ಲಿ, ಮದುವೆ ಹಾಲ್‌ಗಳಲ್ಲಿ ಅವರು ಕಾಣುವುದು ಎಷ್ಟು ಮಂದಿ?

ಬಾಡಿಗೆದಾರನ ಕಾರು ನಿಲ್ಲಿಸುವ ಹಕ್ಕನ್ನು ನ್ಯಾಯಾಲಯದವರೆಗೆ ಕೊಂಡೊಯ್ದು ಇತ್ಯರ್ಥ ಮಾಡಿಕೊಂಡ ದೇಶ ಅಮೇರಿಕ. ಅದರ ವಿದೇಶಾಂಗ ನೀತಿಯ ಬಗ್ಗೆ ನಮಗಿರುವ ಭಿನ್ನಾಭಿಪ್ರಾಯ ಬೇರೆ ಮಾತು. ಕಲಿಯಬೇಕಾದುದನ್ನು ಕಲಿಯಲು ಅದು ಅಡ್ಡಿಯಾಗಬಾರದು. ಜನಾಂಗ ಭೇದವನ್ನು ತಡೆಯಲು 1968ರಲ್ಲಿ ಬಂದ ಅಲ್ಲಿನ ವಸತಿ ಕಾಯ್ದೆಗೆ 1988ರಲ್ಲಿ ತಿದ್ದುಪಡಿ ತಂದು ವಿಕಲಚೇತನರನ್ನೂ ಸೇರಿಸಲಾಯಿತು. ಮನೆ ಮಾಲಕನು ತನ್ನ ನಿಯಮ, ನೀತಿ, ಸೇವೆಗಳಲ್ಲಿ ಯುಕ್ತ ಹೊಂದಾಣಿಕೆ ಮಾಡಲು ನಿರಾಕರಿಸುವುದೇ ತಾರತಮ್ಯ ಎಂದು ಅದು ಖಾಸಗಿ ಮಾಲಕನನ್ನೇ ನೇರವಾಗಿ ಬಂಧಿಸಿತು. ಅದರಡಿ ಸರಕಾರ ರೂಪಿಸಿದ ನಿಯಮಾವಳಿಯಲ್ಲಿ ಕೊಟ್ಟಿರುವ ಉದಾಹರಣೆಯೇ ಕಾರಿನದ್ದು: 300 ಮನೆಗಳು, 450 ಕಾರು ನಿಲ್ಲಿಸುವ ಸ್ಥಳ, ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮ. ಹೆಚ್ಚು ದೂರ ನಡೆಯಲಾಗದ ಬಾಡಿಗೆದಾರ ತನ್ನ ಮನೆಯ ಹತ್ತಿರ ಒಂದು ಸ್ಥಳವನ್ನು ಕಾಯ್ದಿರಿಸಲು ಕೇಳಿದಾಗ ನಿರಾಕರಿಸಿದರೆ ಅದು ಕಾನೂನು ಭಂಗ.

450 ಸ್ಥಳಗಳಿರುವಲ್ಲಿ ಒಂದನ್ನು ಬಿಡುವುದು ಸುಲಭ ಎನ್ನಬಹುದು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಕ್ಯಾಡ್‌ಮನ್ ಟವರ್ಸ್ ಎಂಬ ಸಹಕಾರಿ ವಸತಿ ಸಮುಚ್ಚಯದಲ್ಲಿ ಹಾಗಿರಲಿಲ್ಲ. ಅಲ್ಲಿ ನಾನೂರಕ್ಕೂ ಹೆಚ್ಚು ಮನೆಗಳಿದ್ದರೆ ಕಾರಿನ ಸ್ಥಳಗಳಿದ್ದುದು 66. ಸರದಿ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಬಳಲುತ್ತಿದ್ದ ನಿವಾಸಿಯೊಬ್ಬರು ತನಗೆ ಕಾಯಲು ಸಾಧ್ಯವಿಲ್ಲ ಎಂದಾಗ ಸಮುಚ್ಚಯದ ಆಡಳಿತ ಸರದಿಯ ನಿಯಮವನ್ನು ತೋರಿಸಿತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ನಿವಾಸಿಯ ಪರ ನಿಂತಿತು. ಇತರರಿಗೆ ಸ್ವಲ್ಪ ಅನಾನುಕೂಲವಾಗುತ್ತದೆ ಎಂಬುದು ನಿರಾಕರಣೆಗೆ ಸಾಕಾಗುವ ಕಾರಣವಲ್ಲ ಎಂಬುದು ಈ ತೀರ್ಪಿನಿಂದ ಸ್ಪಷ್ಟವಾಯಿತು. ಆ ಕಾನೂನಿಗೂ ತೂತುಗಳಿವೆ ಎಂಬುದು ನಿಜ. ಮಾಲಕನೂ ವಾಸಿಸುವ, ನಾಲ್ಕಕ್ಕಿಂತ ಹೆಚ್ಚು ಮನೆಗಳಿಲ್ಲದ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ.

ಅಲ್ಲಿ ಇನ್ನೂ ಒಂದು ವಿಚಾರ ಇತ್ಯರ್ಥವಾಗಿದೆ. ನಮ್ಮ ವಿಕಲಚೇತನ ಬಂಧುಗಳು ಅದನ್ನು ಬೇಸರಿಸದೆ ಕೇಳಬೇಕು. ಕೇಳುವ ವಿನಾಯಿತಿಗೂ ವೈಕಲ್ಯಕ್ಕೂ ನೇರ ಸಂಬಂಧವಿರಬೇಕು. ತನ್ನ ಓಡಾಟಕ್ಕೆ ಬೇಕಾದ ಕಾರಿಗೆ ಸ್ಥಳ ಕೇಳುವುದು ಬೇರೆ. ಇನ್ನೆಂದೂ ರಸ್ತೆಗಿಳಿಯದ, ನೋಂದಣಿಯ ಅವಧಿ ಮುಗಿದ, ಅಣ್ಣನೋ ಭಾವನೋ ಬಿಟ್ಟುಹೋದ ಕಾರನ್ನು ತನ್ನ ಗಾಲಿಕುರ್ಚಿಯ ಮರೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಎರಡನೆಯದಕ್ಕೆ ಯಾವ ಕಾನೂನೂ ರಕ್ಷಣೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಹಕ್ಕನ್ನು ನಿಜವಾಗಿ ಕೇಳಬೇಕಾದವರ ಬಾಯಿ ಮುಚ್ಚಿಸುತ್ತದೆ, ಅಷ್ಟೇ.

ಆದ್ದರಿಂದ ಜಗಳಕ್ಕಿಂತ ಮೊದಲು ಪತ್ರ ಇರಲಿ. ಬಾಡಿಗೆದಾರ ತನ್ನ ಸ್ಥಿತಿಯನ್ನು, ವಾಹನ ಎಷ್ಟು ಕಾಲ ನಿಲ್ಲಬಹುದೆಂಬುದನ್ನು, ತುರ್ತಿನಲ್ಲಿ ಅದನ್ನು ಯಾರು ಚಲಾಯಿಸುತ್ತಾರೆಂಬುದನ್ನು ಬರೆದು, ವೈದ್ಯರ ಚೀಟಿ ಮತ್ತು ವೈಕಲ್ಯ ಪ್ರಮಾಣ ಪತ್ರದ ಪ್ರತಿಯೊಂದಿಗೆ ಕೊಡಲಿ. ವಿಮೆಯನ್ನು ಚಾಲ್ತಿಯಲ್ಲಿಡಲಿ. ವಾರಕ್ಕೊಮ್ಮೆ ಯಾರಿಂದಲಾದರೂ ಎಂಜಿನ್ ಚಾಲೂ ಮಾಡಿಸಲಿ. ಹಾಗೆ ಮಾಡಿದರೆ ಬ್ಯಾಟರಿಯೂ ಉಳಿಯುತ್ತದೆ, ‘ಸತ್ತ ಕಾರು’ ಎಂಬ ಮಾತೂ ನಿಲ್ಲುತ್ತದೆ. ಮಾಲಕನ ಕಡೆಯಿಂದಲೂ ಪ್ರಸ್ತಾಪಗಳು ಬರಬಹುದು: ಆರು ತಿಂಗಳ ಅವಕಾಶ, ಬೇಕಿದ್ದರೆ ಮತ್ತೆ ಪರಿಶೀಲನೆ. ಚಿಕಿತ್ಸೆಯ ಅವಧಿಯಲ್ಲಿ ಕಾರನ್ನು ಹಿಂದಿನ ಮೂಲೆಗೆ ಸರಿಸಿ, ಅವನು ಎದ್ದು ಓಡಾಡುವಂತಾದಾಗ ಬಾಗಿಲ ಬಳಿಯ ಸ್ಥಳವನ್ನು ಮರಳಿ ಕೊಡುವುದು. ಬಾಗಿಲ ಬಳಿಯ ಸ್ಥಳವೇ ಏಕೆ ಎಂದು ಕೇಳುವವರಿದ್ದಾರೆ. ಗಾಲಿಕುರ್ಚಿಯಿಂದ ಕಾರಿನ ಸೀಟಿಗೆ ಸರಿಯಲು ಕಾರಿನ ಬಾಗಿಲು ಪೂರ್ತಿ ತೆರೆಯಬೇಕು, ಪಕ್ಕದಲ್ಲಿ ಕುರ್ಚಿ ನಿಲ್ಲಬೇಕು. ಕೇಂದ್ರ ಸರಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳು ಸಾರ್ವಜನಿಕ ಬಳಕೆಯ ಕಟ್ಟಡಗಳಲ್ಲಿ ಪ್ರವೇಶ ದ್ವಾರದಿಂದ 30 ಮೀಟರಿನೊಳಗೆ, 3.6 ಮೀಟರ್ ಅಗಲದ ಸ್ಥಳವನ್ನು ವಿಕಲಚೇತನರಿಗಾಗಿ ಬಿಡಬೇಕೆಂದು ಹೇಳಿರುವುದು ಈ ಕಾರಣಕ್ಕೇ. ನಮ್ಮ ನೆಲಮಾಳಿಗೆಗಳಲ್ಲಿ ಕಂಬಕ್ಕೂ ಕಂಬಕ್ಕೂ ನಡುವೆ ಕಾರುಗಳನ್ನು ತುರುಕಿದ ರೀತಿಯಲ್ಲಿ ಗಟ್ಟಿಮುಟ್ಟಾದವನೇ ಹೊಟ್ಟೆ ಒಳಗೆಳೆದುಕೊಂಡು ಇಳಿಯಬೇಕು.

ಪತ್ರಕ್ಕೆ ಉತ್ತರ ಬಾರದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರಿಗೆ ವಿಚಾರಣೆಯ ಮಟ್ಟಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಮೊದಲ ಬಾರಿಗೆ ಹತ್ತು ಸಾವಿರ ರೂಪಾಯಿಯವರೆಗೆ, ಮರುಕಳಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವಿದೆ. ನಿವಾಸಿಗಳ ಸಭೆಯಲ್ಲಿ ಎಲ್ಲರೆದುರು ವೈಕಲ್ಯವನ್ನು ಎತ್ತಿ ಆಡಿ ಉದ್ದೇಶಪೂರ್ವಕ ಅವಮಾನಿಸಿದರೆ ಅದು ದಂಡದಲ್ಲಿ ಮುಗಿಯುವುದಿಲ್ಲ, ಆರು ತಿಂಗಳಿಂದ ಐದು ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಹೀಗಿದ್ದೂ ಒಂದೇ ಮನೆಯನ್ನು ಬಾಡಿಗೆಗೆ ಕೊಟ್ಟ ಒಬ್ಬಂಟಿ ಮಾಲಕನನ್ನು ಈ ಕಾಯ್ದೆ ಎಷ್ಟರ ಮಟ್ಟಿಗೆ ಕಟ್ಟಿಹಾಕುತ್ತದೆ ಎಂಬ ಬಗ್ಗೆ ವಾದಕ್ಕೆ ಎಡೆಯಿದೆ. ಅಮೇರಿಕದ ಕಾನೂನಿನಂತೆ ಮನೆ ಮಾಲಕನೆಂದು ಹೆಸರಿಟ್ಟು ಅದು ಹೇಳಿಲ್ಲ. ಶಾಸನ ಸಭೆಗಳು ತುಂಬಬೇಕಾದ ತೆರವು ಇದು. ಆದರೆ ಖಾಸಗಿ ಸಂಸ್ಥೆಗಳ ವ್ಯಾಖ್ಯೆಯಲ್ಲಿ ಸಂಘ, ಸಹಕಾರಿ ಸಂಸ್ಥೆ ಮತ್ತು ಟ್ರಸ್ಟ್‌ಗಳನ್ನು ಕಾಯ್ದೆ ಸ್ಪಷ್ಟವಾಗಿ ಸೇರಿಸಿದೆ. ಫ್ಲ್ಯಾಟ್ ನಿವಾಸಿಗಳ ಸಂಘವೂ ಅದರೊಳಗೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ನಾವು ಈ ವಿಷಯವನ್ನು ಇಲ್ಲಿ ಎತ್ತಿಕೊಂಡುದಕ್ಕೆ ಕಾರಣವೂ ಅದೇ. ಹೆಸರು ಕೇಳಿದೊಡನೆ ‘ಮನೆ ಈಗಷ್ಟೇ ಬೇರೆಯವರಿಗೆ ಹೋಯಿತು’ ಎಂಬ ಉತ್ತರ ಪಡೆಯುವ ಸಂಕಟ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮ್ ಕುಟುಂಬಗಳಿಗೆ ಹೊಸತಲ್ಲ. ನಿಯಮದ ಮರೆಯಲ್ಲಿ ನಿರಾಕರಣೆ ಹೇಗೆ ಕೆಲಸ ಮಾಡುತ್ತದೆಂದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ನಾವು ಬಾಡಿಗೆದಾರರು ಮಾತ್ರ ಅಲ್ಲವಲ್ಲ. ಗಲ್ಫ್‌ನ ಬೆವರಿನಿಂದ ಎದ್ದ ಎಷ್ಟೋ ಕಟ್ಟಡಗಳ ಮಾಲಕರು ನಾವೇ. ಅನೇಕ ಊರುಗಳಲ್ಲಿ ಜಮಾಅತ್‌ಗಳಿಗೆ, ಸಮುದಾಯದ ಟ್ರಸ್ಟ್‌ಗಳಿಗೆ ಬಾಡಿಗೆಯ ಮನೆ ಮತ್ತು ಕೊಠಡಿಗಳಿವೆ. ಒಬ್ಬ ವ್ಯಕ್ತಿಯ ಮನೆಯ ಬಗ್ಗೆ ವಾದವಿರಬಹುದು. ಟ್ರಸ್ಟಿನ ಕಟ್ಟಡದ ಬಗ್ಗೆ ವಾದಕ್ಕೆ ಎಡೆ ಕಡಿಮೆ. ಕಾನೂನಿನ ಹೊಣೆ ಅವುಗಳ ಮೇಲೆಯೇ ಮೊದಲು ಬೀಳುತ್ತದೆ. ಆ ಕಟ್ಟಡಗಳ ಕರಾರುಗಳಲ್ಲಿ ಎಷ್ಟರಲ್ಲಿ ವಿಕಲಚೇತನ ಬಾಡಿಗೆದಾರನ ಬಗ್ಗೆ ಒಂದು ಸಾಲಿದೆ? ಸಮಿತಿಯ ಪದಾಧಿಕಾರಿಗಳನ್ನೇ ಕೇಳಿ ನೋಡಿ.

ಆ ಸಾಲು ಉದ್ದವಿರಬೇಕಾಗಿಲ್ಲ. ‘ಉಪಯೋಗಿಸದ ವಾಹನಗಳ ತೆರವಿನ ನಿಯಮವು, ವಿಕಲಚೇತನ ಬಾಡಿಗೆದಾರ ಅಥವಾ ಅವರ ಕುಟುಂಬದ ವಿಕಲಚೇತನ ಸದಸ್ಯರ ಓಡಾಟಕ್ಕೆ ಬೇಕಾದ ವಾಹನಕ್ಕೆ ಅವರೊಂದಿಗೆ ಮಾತುಕತೆ ನಡೆಸದೆ ಅನ್ವಯಿಸತಕ್ಕದ್ದಲ್ಲ, ಲಿಖಿತ ಕೋರಿಕೆಗೆ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.’ ಇಷ್ಟು ಸಾಕು. ಮುಂದಿನ ಹನ್ನೊಂದು ತಿಂಗಳ ಕರಾರುಗಳು ಟೈಪಾಗುವ ಮೊದಲು ಇದನ್ನು ಸೇರಿಸಲು ಯಾವ ಸಮಿತಿಗೂ ಮಹಾಸಭೆ ಕರೆಯಬೇಕಾಗಿಲ್ಲ.